ಹಿಮ್ಮಡಿ ಹೊಳೆಯುವ ಬೂಟು

“ಈ ಸಲ ಓಡಿ ಮುಗಿಸಲಿಲ್ಲಂದ್ರ ಮೀಸಿ ಬೋಳಿಸ್ತೀನಿ!”

ಉದ್ಯಮಬಾಗದ ನಮ್ಮ ಫೌಂಡ್ರಿಯ ಗೇಟಿನ ಎದುರು, ಚಹಾದ ಗಾಡಿ ಸಾಕ್ಷಿಯಾಗಿ ನಾನು ಮಾಡಿದ ಭೀಷ್ಮ ಪ್ರತಿಜ್ಞೆ ಇದು. ಮಾಡಿಸಿದವನು ನನ್ನ ಜೊತೆ ಸ್ಟೋರಿನಲ್ಲಿ ಕೆಲಸ ಮಾಡುವ ಮುತ್ತಪ್ಪ. ಜನವರಿಯಲ್ಲಿ ಕಾರ್ಖಾನೆಯವರು ಇಡುವ ಓಟಕ್ಕೆ ಹೆಸರು ಕೊಡುತ್ತೇನೆ ಅಂದಿದ್ದೇ ತಪ್ಪಾಯಿತು. ನನ್ನ ಹೊಟ್ಟೆಗೆ ಬೆರಳು ತಿವಿದು, “ಶಶಿಧರ, ನೀ ಓಡೂದು ಬ್ಯಾಡ, ಉರುಳಿದ್ರೂ ಸಾಕು” ಅಂದುಬಿಟ್ಟ! ನನ್ನ ಮೀಸೆ ಅಂಥಿಂಥದ್ದಲ್ಲ. ನಮ್ಮೂರು ಖಾನಾಪುರದಿಂದ ದಿನಾ ಬರುವ ಬಸ್ಸಿನಲ್ಲಿ ಕಂಡಕ್ಟರ್ ನನಗೆ ‘ಬರ್ರಿ ಸಾಹೇಬ್ರ’ ಅನ್ನುವುದು ಅದರ ಮುಖ ನೋಡಿಯೇ!

ಓಡಬೇಕೆಂದರೆ ಬೂಟು ಬೇಕು. ವಿಡಿಯೋ ನೋಡಿ ನೋಡಿ ನಾನು ಬೂಟುಶಾಸ್ತ್ರದಲ್ಲಿ ಪಂಡಿತನೇ ಆಗಿಬಿಟ್ಟೆ. ದಿನಾ ಓಡುವವನಿಗೆ ದುಬಾರಿ ಬೂಟು ಬೇಕಿಲ್ಲ. ಹಿಮ್ಮಡಿಗೆ ಮೆತ್ತಗಿರಬೇಕು, ಬೆರಳ ಮುಂದೆ ಜಾಗ ಇರಬೇಕು, ಬಗ್ಗಿಸಿದರೆ ಬೆರಳಿನ ಹತ್ತಿರವೇ ಬಗ್ಗಬೇಕು, ಕಾಲು ಉಬ್ಬಿರುವ ಸಂಜೆ ಹೊತ್ತಿನಲ್ಲೇ ಕೊಳ್ಳಬೇಕು! ಹೆಂಡತಿ ಸಮೃದ್ಧಿಯನ್ನು ಕರೆದುಕೊಂಡು ಬೆಳಗಾವಿಯ ಖಡೇಬಜಾರಿಗೆ ಹೋದೆ. ಅಂಗಡಿಯಲ್ಲಿದ್ದ ಬೂಟನ್ನೆಲ್ಲ ಬಗ್ಗಿಸಿ ತಿರುವಿ ನೋಡಿದೆ.

“ಸಾಹೇಬ್ರ, ಬೂಟ ತಗೊಳ್ಳಾಕ ಬಂದೀರೋ, ಹಿಂಡಾಕ ಬಂದೀರೋ?” ಎಂದ ಅಂಗಡಿಯ ಶಿವಲಿಂಗ. ಕೊನೆಗೆ ಅಟ್ಟದ ಮೇಲಿಂದ ಧೂಳು ಹಿಡಿದ ಡಬ್ಬಿಯೊಂದನ್ನು ಇಳಿಸಿದ. ಶಾಸ್ತ್ರದ ಲಕ್ಷಣವೆಲ್ಲ ಇದ್ದ ಬೂಟು! ಹಿಮ್ಮಡಿಯ ಮೇಲೆ ಬೆಳಕು ಬಿದ್ದರೆ ಫಳಫಳ ಹೊಳೆಯುವ ಪಟ್ಟಿ ಬೇರೆ. ದರವಂತೂ ನಂಬಲಾರದಷ್ಟು ಕಡಿಮೆ.

“ಇಷ್ಟ್ಯಾಕ ಸಸ್ತಾ?” ಸಮೃದ್ಧಿ ಕೇಳಿದಳು.

“ಒಂದ ಜೋಡಿ ಉಳದೈತ್ರಿ ಅಕ್ಕಾರ. ಯಾಕೋ ಯಾರೂ ಒಯ್ಯವಲ್ರು,” ಎಂದವನು ನಮ್ಮ ಮುಖ ನೋಡಲಿಲ್ಲ.

ಆ ಮಾತು ಆಗ ನನ್ನ ಕಿವಿಗೆ ಬೀಳಲೇ ಇಲ್ಲ.

ಮರುದಿನ ನಸುಕಿಗೆ ಅಲಾರಾಂ ಹೊಡೆಯಿತು. ನಾನೂ ಅದನ್ನು ಹೊಡೆದೆ. ಎಚ್ಚರಾದಾಗ ಬಿಸಿಲು ಬಂದಿತ್ತು. ನಾಳೆ ನೋಡೋಣ ಎಂದು ಹೊರಗೆ ಬಂದರೆ, ಕಟ್ಟೆಯ ಮೇಲಿನ ಹೊಸ ಬೂಟು ಇಬ್ಬನಿಯಲ್ಲಿ ತೊಯ್ದಿತ್ತು. ತಳಕ್ಕೆ ಕೆಂಪು ಮಣ್ಣು. ಒಳಗೆ ಕೈ ಹಾಕಿದೆ. ಬೆಚ್ಚಗಿತ್ತು!

“ಸಮೃದ್ಧಿ! ಬೂಟ ಯಾರ ಹಾಕ್ಕೊಂಡಿದ್ರು?”

“ನೀವ ನಿದ್ದಿಗಣ್ಣಾಗ ಓಡಿ ಬಂದಿರಬೇಕ ತಗೋರಿ,” ಎಂದು ಅವಳು ಒಲೆಯ ಕಡೆ ತಿರುಗಿದಳು.

ನಾನು ನಂಬಿಬಿಟ್ಟೆ! ಎದ್ದು ಸಾಧಿಸುವವರು ಊರ ತುಂಬ ಇದ್ದಾರೆ, ಮಲಗಿ ಸಾಧಿಸಿದವನು ನಾನೊಬ್ಬನೇ. ದಿನವೂ ಅದೇ ಇಬ್ಬನಿ, ಅದೇ ಮಣ್ಣು, ಅದೇ ಬಿಸಿ. ಸವೆಯುತ್ತಿದ್ದ ತಳದ ಫೋಟೋ ತೆಗೆದು ಮುತ್ತಪ್ಪನಿಗೂ ತೋರಿಸಿದೆ. ಆದರೆ ಹೊಟ್ಟೆ ಮಾತ್ರ ಇದ್ದಲ್ಲೇ ಇತ್ತು.

ಒಂದು ಮುಂಜಾನೆ ಹಾಲಿನ ಈರಣ್ಣ ಹಿಂದೆ ತಿರುತಿರುಗಿ ನೋಡುತ್ತಾ ಬಾಗಿಲಿಗೆ ಬಂದ. ಹಾಲು ಅರ್ಧ ಪಾತ್ರೆಗೆ, ಅರ್ಧ ಹೊಸ್ತಿಲಿಗೆ.

“ಸರ, ನಸುಕಿನ್ಯಾಗ ಮಲಪ್ರಭಾ ಹೊಳಿ ಪೂಲಿನ ಕಡೆ ಹೋಗಬ್ಯಾಡ್ರಿ. ಮಂಜಿನ್ಯಾಗ ಎರಡ ಹಿಮ್ಮಡ ಹೊಳಕೋತ ಬರ್ತಾವು. ಮ್ಯಾಲ ಮನಷ್ಯಾ ಇಲ್ರಿ! ಪಾದ ಉಲ್ಟಾ ಅದಾವು, ಉಲ್ಟಾ!”

ನನ್ನ ಮೀಸೆಯೂ ಸೇರಿ ಮೈಮೇಲಿನ ಕೂದಲೆಲ್ಲ ಎದ್ದು ನಿಂತವು. ಪಾದ ಉಲ್ಟಾ ಇರುವುದು ಯಾರಿಗೆ ಅಂತ ಸಣ್ಣ ಮಕ್ಕಳಿಗೂ ಗೊತ್ತು! ಯಾಕೋ ಯಾರೂ ಒಯ್ಯವಲ್ರು... ಶಿವಲಿಂಗನ ಮಾತು ಈಗ ಬಂದು ಕಿವಿಗೆ ಬಿತ್ತು. ಆ ಬೂಟಿಗೆ ನನಗಿಂತ ಮೊದಲೇ ಒಬ್ಬ ಧಣಿ ಇದ್ದಾನೆ!

ಮೂಲೆಯಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ನಮ್ಮವ್ವ ಬಸವಣ್ಣೆವ್ವ ಮಾತ್ರ ಬಹಳ ಕಾಳಜಿಯಿಂದ ಈರಣ್ಣನನ್ನು ಕೇಳಿದಳು, “ಹೌದೇನಪಾ? ನೀ ಆ ಕಡೆ ಎಷ್ಟ ಹೊತ್ತಿಗೆ ಬರ್ತಿ?”

ಆ ರಾತ್ರಿ ನಿದ್ದೆಯೇ ಬರಲಿಲ್ಲ. ನಸುಕಿನಲ್ಲಿ ಹಣೆತುಂಬ ವಿಭೂತಿ ಬಳಿದುಕೊಂಡು ಕದ ತೆರೆದೆ. ಬೂಟಿನ ಜಾಗ ಖಾಲಿ! ದೆವ್ವವಾದರೇನು, ಮೀಸೆಯ ಪ್ರಶ್ನೆ ಇದು. ಚಪ್ಪಲಿ ಮೆಟ್ಟಿ ಹೊರಟೆ.

ಬೀದಿದೀಪಗಳು ಮಂಜಿನಲ್ಲಿ ಕರಗಿಹೋಗಿದ್ದವು. ದಿನಾ ನನ್ನ ಮೇಲೆ ಹಾರಿ ಬರುವ ನಾಯಿಗಳು ಬಾಲ ಮಡಚಿ ಸುಮ್ಮನೆ ಮಲಗಿದ್ದವು. ಹೊಳೆಯ ಕಡೆಯಿಂದ ಥಂಡಿ ಗಾಳಿ. ಸೇತುವೆಯ ಹತ್ತಿರ ಕೇಳಿಸಿತು... ಸರಕ್... ಸರಕ್... ಸರಕ್... ನಾನು ನಿಂತೆ. ಅದು ನಿಲ್ಲಲಿಲ್ಲ. ಮೊಬೈಲಿನ ಬೆಳಕು ಬಿಟ್ಟೆ. ಎರಡು ಹಿಮ್ಮಡಿ ಫಳಕ್ಕನೆ ಹೊಳೆದವು! ಹಿಮ್ಮಡಿ ನನ್ನ ಕಡೆ, ನಡಿಗೆಯೂ ನನ್ನ ಕಡೆ! ಮೇಲೆ ಮುಖವಿಲ್ಲ, ಕೈಯಿಲ್ಲ, ಕರ್ರಗಿನ ಒಂದು ಆಕಾರ ಅಷ್ಟೇ.

“ಬಸವಾ! ಬಸವಾ!” ಎಂದು ಕಿರುಚಿ ಓಡಿದೆ. ಹಿಂದಿನಿಂದ ಕೂಗು ಬಂತು.

“ಶಶ್ಯಾ... ಏ ಶಶ್ಯಾ... ನಿಂದರೋ...”

ಹೆಸರೂ ಗೊತ್ತದಕ್ಕೆ! ಇಂಥ ಕೂಗಿಗೆ ಓಗೊಡಬಾರದು, ತಿರುಗಿ ನೋಡಬಾರದು. ಚಪ್ಪಲಿ ಅಲ್ಲೇ ಬಿಟ್ಟು, ಮನೆ ಬರುವವರೆಗೂ ಒಂದೇ ಉಸಿರಿನ ಓಟ!

ಕಟ್ಟೆಯ ಮೇಲೆ ಬಿದ್ದು ತೇಕುತ್ತಿದ್ದಾಗ ಮಂಜಿನೊಳಗಿಂದ ಆ ಆಕಾರ ಬಂದೇ ಬಂತು. ತಲೆಯ ಮೇಲಿನ ಕರಿ ಕಂಬಳಿ ಸರಿಸಿತು. ಒಳಗೆ ನಮ್ಮವ್ವ! ಇಳಕಲ್ ಸೀರೆಯ ಕೆಳಗೆ ನನ್ನ ಬೂಟು, ಕೈಯಲ್ಲಿ ನನ್ನ ಚಪ್ಪಲಿ.

“ಹಿಂದಹಿಂದಕ್ಕ ನಡದ್ರ ಮಣಕಾಲಿಗೆ ಛಲೋ ಅಂತ ಡಾಕ್ಟರ್ ಬಾಯಾರು ಹೇಳ್ಯಾರಪಾ. ಈ ವಯಸ್ಸಿನ್ಯಾಗ ಬೂಟ ಹಾಕ್ಕೊಂಡ್ರ ಓಣಿ ಮಂದಿ ನಗೂದಿಲ್ಲೇನು? ಅದಕ್ಕ ಮಂಜಿನ್ಯಾಗ ಹೊಂಟೆ.”

“ಬೂಟ ನಂದಲ್ಲೇನಬೇ!”

“ನೀ ಏಳಲಿಲ್ಲ, ಅವು ಸುಮ್ನ ಕುಂತಿದ್ದು. ಎರಡ ಸಾಕ್ಸ ಹಾಕಿದ್ರ ಬರೋಬ್ಬರಿ ಕುಂದರತಾವು. ನಿನಗ್ಯಾಕ ಬೂಟು? ಬರಿಗಾಲಾಗ ಏನ ಓಡತೀಯೋ ಮಗನ!”

ಚಹಾ ತಂದ ಸಮೃದ್ಧಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅವಳಿಗೆ ಎಲ್ಲ ಗೊತ್ತಿತ್ತು! ನನಗೆ ಸಿಟ್ಟು ಬರಬೇಕಿತ್ತು. ಆದರೆ ಗೋಡೆ ಹಿಡಿಯದೆ ಕಟ್ಟೆ ಇಳಿಯಲಾಗದಿದ್ದ ಅವ್ವ ಸೇತುವೆಯ ತನಕ ಹೋಗಿ ಬಂದಿದ್ದಳು. ಕಣ್ಣು ತುಂಬಿ ಬಂತು. ಬೂಟು ಅವಳಿಗೇ ಬಿಟ್ಟು, ಇನ್ನೂ ಸಸ್ತಾದ ಜೋಡಿಯೊಂದನ್ನು ತಂದುಕೊಂಡೆ. ಅದನ್ನೂ ಅಲಾರಾಂ ಎಬ್ಬಿಸಲಿಲ್ಲ.

ಓಟದ ದಿನ ಬಂತು. ಅವ್ವ, ಸಮೃದ್ಧಿ ಇಬ್ಬರೂ ನೋಡಲು ಬಂದಿದ್ದರು. ಮೊದಲ ತಿರುವಿನ ತನಕ ನಾನು ಹುಲಿ. ಆಮೇಲೆ ಮುತ್ತಪ್ಪನ ಬೆನ್ನು ಕಂಡಿತು, ಆಮೇಲೆ ಅದೂ ಕಾಣಲಿಲ್ಲ. ಓಟ ಮುಗಿಯುವ ಫೌಂಡ್ರಿಯ ಗೇಟು ಕಣ್ಣೆದುರೇ ಇದ್ದರೂ ಕಾಲು ಏಳಲೊಲ್ಲವು. ಮೀಸೆ ಹೋಯಿತು ಅಂದುಕೊಂಡು ರಸ್ತೆಯಲ್ಲೇ ಕೂರಲು ಹೊರಟೆ. ಅಷ್ಟರಲ್ಲಿ ಮಂದಿಯನ್ನು ಸೀಳಿಕೊಂಡು ಆ ಬೂಟು ಬಂತು! ಓಣಿಯ ಮಂದಿಗೆ ನಾಚಿದ್ದ ಅವ್ವ, ಇಡೀ ಉದ್ಯಮಬಾಗದ ಎದುರು ನನ್ನ ಮುಂದೆ ನಿಂತು, ನನಗೆ ಮುಖ ಮಾಡಿ, ಎರಡೂ ಕೈ ಚಾಚಿ ಹಿಂದಹಿಂದಕ್ಕೆ ನಡೆಯತೊಡಗಿದಳು.

“ಬಾ... ಬಾ ನನ್ನ ರಾಜಾ... ಇನ್ನೊಂದ ಹೆಜ್ಜಿ... ಶಾಣ್ಯಾ...”

ಆ ಕೈ ನೋಡುತ್ತಾ ನೋಡುತ್ತಾ ಗೇಟು ದಾಟಿದೆ. ಫೌಂಡ್ರಿಯ ಮಂದಿಯೆಲ್ಲ ಚಪ್ಪಾಳೆ!

“ಗೆದ್ದಿ ಬಿಡೋ ಶಶಿಧರ, ಮೀಸಿ ಉಳೀತು!” ಎಂದ ಮುತ್ತಪ್ಪ, ನಗು ತಡೆಯಲಾರದೆ.

ಮನೆಗೆ ಬಂದು ನಾನೇ ಬೋಳಿಸಿಕೊಂಡೆ. ಈಗ ತಾನೇ ನಡೆಯಲು ಕಲಿತ ಕೂಸಿಗೆ ಮೀಸೆ ಯಾಕೆ ಹೇಳಿ?