ಉಬ್ಬಿದ ಕಸದ ಗುಂಡಿ

"ಇನ್ನು ಎಂಟು ದಿನದಲ್ಲಿ ಈ ಬೀದಿಯವರೆಲ್ಲ ನನ್ನನ್ನು ಎಂಜಿನಿಯರ್ ಸಾಹೇಬ್ರೇ ಅಂತ ಕರೀದೇ ಇದ್ರೆ, ನನ್ನ ಹೆಸರು ಉಮಾಶಂಕರ ಅಲ್ಲ!" ಅಂತ ನಾನು ಘೋಷಿಸಿದ್ದು ಲಂಡನ್ನಿನ ಕೆಂಟನ್ ಬಡಾವಣೆಯ ನಮ್ಮ ಮನೆಯ ಅಡುಗೆಮನೆಯಲ್ಲಿ, ಕಾಫಿ ಲೋಟವನ್ನು ಎತ್ತಿ ಹಿಡಿದು. ನನ್ನ ಹೆಂಡತಿ ಅಂಬುಜಾ ಒಲೆ ಕಡೆಯಿಂದ ತಿರುಗಲೂ ಇಲ್ಲ.

"ಮತ್ತೇನಂತ ಇಟ್ಕೋತೀರಿ? ಈಗಲೇ ಹೇಳಿಬಿಡಿ. ಪಾಸ್‌ಪೋರ್ಟ್ ಬದಲಾಯಿಸೋಕೆ ತುಂಬಾ ದಿನ ಹಿಡಿಯತ್ತೆ," ಅಂದಳು.

ಈ ಶಪಥಕ್ಕೆ ಕಾರಣ ಒಂದು ಕರಪತ್ರ. ನಮ್ಮೂರ ತಾಲ್ಲೂಕು ಕಚೇರಿಯ ಪಹಣಿಯಲ್ಲಿ ನಾನು 'ಉಮಾಶಂಕರ ಬಿನ್ ವೀರಣ್ಣ'. ಒಬ್ಬನೇ ಅಪ್ಪ, ಒಂದೇ ಬಿನ್! ಲಂಡನ್ನಿಗೆ ಬಂದ ಮೇಲೆ ಬಿನ್ನುಗಳು ಮೂರಾದವು. ಊರಾಚೆ ಹೂಳುವ ಗುಂಡಿಗೆ ಹೋಗುವ ಕಸಕ್ಕೆ ಬೂದು ಬಣ್ಣದ್ದು, ಮರುಬಳಕೆಯ ಡಬ್ಬಿ-ಪೇಪರಿಗೆ ನೀಲಿ, ತೋಟದ ಕಸಕ್ಕೆ ಕಂದು. ಈಗ ಕೌನ್ಸಿಲ್ಲಿನವರು ನಾಲ್ಕನೆಯದನ್ನು ತರ್ತೀವಿ ಅಂತಿದ್ದರು: ಅಡುಗೆಮನೆಯ ಸಿಪ್ಪೆ, ಉಳಿದ ಅನ್ನ, ಚಹಾ ಚರಟಕ್ಕೆ ಮುಚ್ಚಳವಿರುವ ಪುಟ್ಟ ಬಕೆಟ್ಟು. ಅದನ್ನು ವಾರವಾರ ಒಯ್ಯುತ್ತಾರಂತೆ, ಬೂದು ಬಿನ್ನನ್ನು ಮಾತ್ರ ಇನ್ನುಮೇಲೆ ಹದಿನೈದು ದಿನಕ್ಕೊಮ್ಮೆ! ನಮ್ಮ ಬೀದಿಯಲ್ಲಿ ಇದನ್ನು ಮೊದಲು ಪ್ರಯೋಗ ಮಾಡಬಹುದೋ ಬೇಡವೋ, ಮುಂದಿನ ಶನಿವಾರ ಚರ್ಚಿನ ಹಾಲ್‌ಗೆ ಬಂದು ಕೈಯೆತ್ತಿ ಹೇಳಿ ಅಂತ ಕರಪತ್ರದಲ್ಲಿತ್ತು.

ಅಂಬುಜಾ ಬಕೆಟ್ ಪಕ್ಷ. "ತಿನ್ನೋ ಪದಾರ್ಥನ ಪ್ಲಾಸ್ಟಿಕ್ ಜೊತೆ ಹೂಳೋದು ನನಗೆ ಹೊಟ್ಟೆ ಉರಿಯತ್ತೆ ರೀ. ಗೊಬ್ಬರ ಆಗ್ಬೇಕಾದ್ದು ಗೊಬ್ಬರ ಆಗ್ಲಿ," ಅನ್ನುವುದು ಅವಳ ವಾದ. ಬೀದಿಯ ಅರ್ಧ ಮನೆಗಳಿಗೆ ಹೋಗಿ ಸಭೆಗೆ ಬನ್ನಿ ಅಂತ ಹೇಳಿಯೂ ಬಂದಿದ್ದಳು.

ನಾನು ಗುಂಡಿ ಪಕ್ಷ! ಪಕ್ಕದ ಮನೆಯ ಮುಕುಂದನೂ ನಮ್ಮ ಪಕ್ಷವೇ. ಉಡುಪಿ ಕಡೆಯವನು, ಕ್ವೀನ್ಸ್‌ಬರಿಯಲ್ಲಿ ದೋಸೆ ಹೋಟೆಲು ಇಟ್ಟಿದ್ದಾನೆ. ಬಾಗಿಲ ಮುಂದೆ ಸಿಪ್ಪೆ ಬಕೆಟ್ಟು ನಾರುತ್ತದೆ ಅನ್ನುವುದು ಅವನ ಭಯ. "ನೀವು ಎಂಜಿನಿಯರ್ ಅಲ್ವಾ ಮಾರಾಯ್ರೆ! ಸಭೆಯಲ್ಲಿ ನೀವೇ ಮಾತಾಡ್ಬೇಕು," ಅಂತ ಬೇಲಿಯಾಚೆಯಿಂದ ಒಂದು ಮಾತು ಎಸೆದ. ಅಷ್ಟೇ, ನಾನು ನೆಲದಿಂದ ಎರಡು ಅಡಿ ಮೇಲೆದ್ದೆ!

ಯಾಕೆ ಅಂತ ಹೇಳ್ತೀನಿ, ನಗಬೇಡಿ. ದಾವಣಗೆರೆಯಲ್ಲಿ ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್. ಮಾಡುತ್ತಿರುವುದು ಕ್ಯಾನರಿ ವಾರ್ಫಿನ ಬ್ಯಾಂಕೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ, ಹದಿನಾರು ವರ್ಷದಿಂದ. ನಾನು ಕಟ್ಟಿದ್ದು ಅಂತ ಕೈ ತೋರಿಸೋಕೆ ಭೂಮಿ ಮೇಲೆ ಒಂದು ಮೋರಿಯೂ ಇಲ್ಲ. ಮಗಳು ಸ್ಮೃತಿಗೆ ಹನ್ನೊಂದು ವರ್ಷ. 'ನಿಮ್ಮಪ್ಪ ಏನು ಮಾಡ್ತಾರೆ' ಅಂತ ಶಾಲೆಯಲ್ಲಿ ಕೇಳಿದರೆ "ಬೇರೆಯವರ ತಪ್ಪು ಹುಡುಕ್ತಾರೆ" ಅಂದಳಂತೆ! ನಿಜವೇ. ಆದರೂ ಆವತ್ತು ನನಗೆ ಬಹಳ ಬೇಜಾರಾಗಿತ್ತು. ಕಾಲೇಜಿನ ಕೊನೇ ವರ್ಷ ನಾನು ಮಾಡಿದ್ದ ಪ್ರಾಜೆಕ್ಟು ಯಾವುದು ಗೊತ್ತೇ? ಪುರಸಭೆಯ ಕಸದ ಗುಂಡಿಯ ವಿನ್ಯಾಸ! ಅದು ಡ್ರಾಯಿಂಗ್ ಶೀಟಿನ ಮೇಲೇ ಉಳಿದುಹೋಗಿತ್ತು. ಈಗ ಸಮಯ ಬಂದಿತ್ತು.

"ಮಾದರಿ ಗುಂಡಿ ಕಟ್ತೀನಿ! ಸಭೆಗೇ ಒಯ್ದು ತೋರಿಸ್ತೀನಿ. ಸರಿಯಾಗಿ ಕಟ್ಟಿದ ಒಂದೇ ಗುಂಡಿ ಇದ್ರೆ ಈ ನೀಲಿ, ಕಂದು, ಬಕೆಟ್ಟು ಯಾವ ಗೋಳೂ ಬೇಡ!"

"ಅಂಗಿ ಗುಂಡಿ ಹಾಕೋಕೆ ಬರಲ್ಲ, ಕಸದ ಗುಂಡಿ ಕಟ್ತಾರಂತೆ," ಅಂತ ಅಂಬುಜಾ ಮೂಗು ಮುರಿದಳು.

ಭಾನುವಾರ ಶಂಕುಸ್ಥಾಪನೆ. ಚಳಿಗಾಲದ ಸ್ವೆಟರು ತುಂಬಿಡುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಖಾಲಿ ಮಾಡಿದೆ. ಸ್ವೆಟರುಗಳು ಸೋಫಾ ಮೇಲೆ ಬಿದ್ದವು. ತಳಕ್ಕೆ ಸ್ಮೃತಿಯ ಆಟದ ಜೇಡಿಮಣ್ಣು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಹಾಳೆ ಮೇಲೆ ಮನೆ ಮುಂದಿನ ಜಲ್ಲಿಕಲ್ಲು. ಕಸದಿಂದ ಇಳಿಯುವ ಕೊಳಕು ನೀರಿಗೆ ಪುಸ್ತಕದಲ್ಲಿ ಭಾರೀ ಹೆಸರಿದೆ. ನಾನು ಮಗಳಿಗೆ 'ಕಸದ ಕಷಾಯ' ಅಂತ ಹೇಳಿಕೊಟ್ಟೆ. ಆ ಕಷಾಯ ಹೊರಗೆ ಹರಿಯೋಕೆ ಡಬ್ಬಿಯ ತಳಕ್ಕೆ ಡ್ರಿಲ್ಲಿನಿಂದ ತೂತು ಕೊರೆದು, ಜ್ಯೂಸ್ ಕುಡಿಯೋ ನಳಿಗೆ ಸಿಕ್ಕಿಸಿ, ತುದಿಗೆ ಬಿರಡೆ ಇಟ್ಟೆ. ಎಂಥಾ ಎಂಜಿನಿಯರಿಂಗು! ಪರೀಕ್ಷೆಗೆ ಒಂದು ಚೊಂಬು ನೀರು ಸುರಿದೆ.

ನೀರು ಜೇಡಿಮಣ್ಣನ್ನು ಕೇಳಲಿಲ್ಲ, ಹಾಳೆಯನ್ನು ಕೇಳಲಿಲ್ಲ, ಬಿರಡೆಯನ್ನಂತೂ ಕೇಳಲೇ ಇಲ್ಲ. ನೇರವಾಗಿ ಕಾರ್ಪೆಟ್ಟಿಗೆ ಬಂತು!

"ಏಳ್ರೀ ಅಲ್ಲಿಂದ!" ಅಂಬುಜಾ ಬಂದು ಡಬ್ಬಿ ಕಸಿದುಕೊಂಡಳು. "ಹೋಗಿ ಕಾಫಿ ಮಾಡಿ."

ನಾನು ಕಾಫಿ ಸೋಸಿ ತರುವಷ್ಟರಲ್ಲಿ ಅವಳು ಅದೇನು ಸುತ್ತಿದಳೋ, ಅದೇನು ಮಡಚಿ ಅಂಟಿಸಿದಳೋ, ಎರಡು ಚೊಂಬು ನೀರು ಸುರಿದರೂ ಒಂದು ಹನಿ ಆಚೆ ಬರಲಿಲ್ಲ. ನಾನು ಕನ್ನಡಕ ಏರಿಸಿ ಸುತ್ತ ನೋಡಿ, "ಹೂಂ, ನಾನು ಅಂದ್ಕೊಂಡಿದ್ದು ಹೀಗೇ," ಅಂದೆ.

ಆಮೇಲೆ ಕಸ ತುಂಬುವ ಮಹೋತ್ಸವ! ಬಣ್ಣದ ಕಾಗದ ಹಾಕಿದರೆ ಸಾಕು ಅಂದಳು ಸ್ಮೃತಿ. ಛೆ! ಅಪ್ಪ ನಿಜವಾದ ಎಂಜಿನಿಯರು, ನಿಜವಾದ ಕಸವೇ ಬೇಕು! ಬಾಳೆಹಣ್ಣಿನ ಸಿಪ್ಪೆ, ಕೊಳೆತ ಟೊಮೇಟೊ, ಚಹಾ ಚರಟ ಹಾಕಿದೆ. ಫ್ರಿಜ್ಜಿನ ಮೂಲೆಯಲ್ಲಿ ಒಂದು ಪಾತ್ರೆ ದೋಸೆ ಹಿಟ್ಟಿತ್ತು. ಫೆಬ್ರವರಿ ಚಳಿಗೆ ಮೂರು ದಿನ ಕಾದರೂ ಏಳದೆ, ಅಂಬುಜಾ "ಇದು ಸತ್ತಿದೆ, ಬಿಸಾಕಿ" ಅಂತ ಶಾಪ ಹಾಕಿದ್ದ ಹಿಟ್ಟು. ಅದನ್ನೂ ಸುರಿದೆ. ಮೇಲೆ ಮಣ್ಣು, ಮಣ್ಣಿನ ಮೇಲೆ ಜೇಡಿ. ಗುಂಡಿಯಲ್ಲಿ ಹುಟ್ಟುವ ಗ್ಯಾಸು ಹೊರಹೋಗಲು ಮುಚ್ಚಳದಲ್ಲಿ ನಾಲ್ಕು ನಳಿಗೆ ನಿಲ್ಲಿಸಿದೆ.

ಬುಧವಾರ ಬೆಳಗ್ಗೆ ಅಂಬುಜಾ ಮೂಗು ಮುಚ್ಚಿಕೊಂಡು ಮಹಡಿಯಿಂದ ಇಳಿದಳು. "ರೀ, ಈ ನಾತ ತಡ್ಯೋಕಾಗಲ್ಲ! ಒಂದು ಅದು ಆಚೆ ಹೋಗ್ಬೇಕು, ಇಲ್ಲ ನೀವು!"

ಆಚೆ ಇಡೋಕೆ ಮಳೆ. ನಾನು ನಾಲ್ಕೂ ನಳಿಗೆಯ ಬಾಯಿಗೆ ಜೇಡಿಮಣ್ಣು ಮೆತ್ತಿ, ಮುಚ್ಚಳದ ಸುತ್ತ ದಪ್ಪ ಟೇಪು ಬಿಗಿದೆ. ಜೇಡಿ ಬೇಗ ಒಣಗಲಿ ಅಂತ ಒಯ್ದು ಬಿಸಿನೀರಿನ ಬಾಯ್ಲರ್ ಇರುವ ಕಪಾಟಿನಲ್ಲಿಟ್ಟೆ. ನಮ್ಮ ಮನೆಯಲ್ಲಿ ಸದಾ ಬೆಚ್ಚಗಿರುವ ಜಾಗ ಅದೊಂದೇ.

"ಡ್ಯಾಡ್, ಗ್ಯಾಸ್ ಪೈಪ್ಸ್ ಕ್ಲೋಸ್ ಮಾಡಿದ್ರೆ ಹೌ ವಿಲ್ ಇಟ್ ಬ್ರೀತ್?" ಅಂದಳು ಸ್ಮೃತಿ.

"ತಾತ್ಕಾಲಿಕ ಪುಟ್ಟಾ! ಸಭೆಯಲ್ಲಿ ತೆಗೀತೀನಿ."

ಗುರುವಾರ ಅವಳು ಶಾಲೆಯಿಂದ ಬಂದವಳೇ ಕಪಾಟು ತೆರೆದು ಕೂಗಿದಳು: "ಡ್ಯಾಡ್! ಇಟ್ಸ್ ಗ್ರೋಯಿಂಗ್!"

ನೋಡಿದೆ. ಚಪ್ಪಟೆಯಾಗಿದ್ದ ಮುಚ್ಚಳ ನಡುವೆ ಎದ್ದು ಸುಂದರವಾದ ಗುಡ್ಡವಾಗಿತ್ತು! "ಅದು ಡಿಸೈನು! ದೊಡ್ಡ ದೊಡ್ಡ ಗುಂಡಿಗಳಿಗೂ ಮೇಲೆ ಹೀಗೇ ಗುಡ್ಡದ ಆಕಾರ ಕೊಡ್ತಾರೆ, ಮಳೆ ನೀರು ಜಾರಿ ಹೋಗ್ಲಿ ಅಂತ. ನಮ್ದು ತಾನಾಗೇ ಬಂದಿದೆ!" ಅಂತ ಎದೆಯುಬ್ಬಿಸಿದೆ.

"ಹೊಗಳಿದ್ರೆ ನೀವು ಉಬ್ಬೋದು ಸಾಲ್ದು ಅಂತ ಡಬ್ಬೀನೂ ಉಬ್ಬಿಸಿದೀರಾ?" ಅಂದಳು ಅಂಬುಜಾ.

ಶನಿವಾರ ಹನ್ನೊಂದು ಗಂಟೆಗೆ ಹಾಲ್ ತುಂಬ ಜನ. ಕೌನ್ಸಿಲ್ಲಿನಿಂದ ಬಂದಿದ್ದ ಎಂಜಿನಿಯರಮ್ಮ ಬೆಳ್ಳಿ ಕೂದಲಿನ, ನಗುಮುಖದ ಹೆಂಗಸು. ಗೋಡೆಗೆ ಚಿತ್ರಗಳನ್ನು ಅಂಟಿಸಿ, ಹಸಿ ಕಸವನ್ನು ಗುಂಡಿಗೆ ಹಾಕಿದರೆ ಯಾಕೆ ಕಷ್ಟ ಅಂತ ಅರ್ಧ ಗಂಟೆ ವಿವರಿಸಿದರು. ಜನ ಆಕಳಿಸಿದರು. ಹಿಂದಿನ ಸಾಲಿನಲ್ಲೊಬ್ಬರು ಬಾಯಿ ತೆರೆದೇ ನಿದ್ದೆ ಹೋಗಿದ್ದರು.

ನನ್ನ ಸರದಿ ಬಂತು. ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಎರಡು ಕೈಯಲ್ಲಿ ಎತ್ತುವಾಗಲೇ ಅದು ಒಳಗೊಳಗೇ 'ಗುಳುಗುಳು' ಅಂದಿತ್ತು. ನಾನು ಗಮನ ಕೊಡಲಿಲ್ಲ. ಮುಕುಂದ ಬಿಳಿ ಅಂಗಿ ತೊಟ್ಟು ಮೊದಲ ಸಾಲಿನಲ್ಲಿ ಕೂತಿದ್ದ, ಚಪ್ಪಾಳೆಗೆ ಕೈ ಸಿದ್ಧ ಮಾಡಿಕೊಂಡು.

"ಮಹನೀಯರೇ!" ಅಂತ ಶುರುಮಾಡಿದೆ, ಇಂಗ್ಲಿಷಿನಲ್ಲೇ, ಆದರೆ ದಾವಣಗೆರೆಯ ಗತ್ತಿನಲ್ಲಿ. "ಒಳ್ಳೆಯ ಗುಂಡಿ ಅಂದರೆ ತಾಯಿಯ ಮಡಿಲು! ಅದಕ್ಕೆ ಸಿಪ್ಪೆ ಬೇರೆ, ಕಾಗದ ಬೇರೆ ಅನ್ನುವ ಭೇದಭಾವ ಇಲ್ಲ. ಏನು ಹಾಕಿದರೂ ನೂರು ವರ್ಷ ಸದ್ದಿಲ್ಲದೆ ಮಲಗಿರುತ್ತೆ. ನೋಡಿ, ಇದು ಜೇಡಿಯ ಪದರ. ಇದು ಹಾಳೆ. ಮತ್ತೆ ಇದೋ, ಇದು ಗ್ಯಾಸಿನ ನಳಿಗೆ. ಇದರ ಬಾಯನ್ನು ನಾನೀಗ ನಿಮ್ಮ ಮುಂದೆ..."

ಜೇಡಿಮಣ್ಣಿನ ಬಿರಡೆಗೆ ಉಗುರು ತಾಗಿಸಿದೆ.

'ಕುಯ್ಯ್ಯ್' ಅಂತ ಒಂದು ಸಣ್ಣ ಸಿಳ್ಳೆ. ಆಮೇಲೆ ಟೇಪು 'ಪರ್‍ರ್' ಅಂತ ಹರಿಯಿತು. ಆಮೇಲೆ ಡಮಾರ್! ಮುಚ್ಚಳ ಚಾವಣಿಗೆ ಹೋಗಿ ಬಡಿಯಿತು. ನೂರು ವರ್ಷ ಮಲಗಬೇಕಾಗಿದ್ದ ಕಸ ಆರೇ ದಿನಕ್ಕೆ ಎಚ್ಚರವಾಗಿ ಸಭೆಯವರನ್ನು ಖುದ್ದಾಗಿ ಭೇಟಿ ಮಾಡಿತು! ಬಾಳೆ ಸಿಪ್ಪೆ ಕೌನ್ಸಿಲ್ಲಿನ ಚಿತ್ರಗಳ ಮೇಲೆ, ಚಹಾ ಚರಟ ಹಿಂದಿನ ಸಾಲಿನ ತೆರೆದ ಬಾಯಿಯ ಪಕ್ಕದಲ್ಲೇ, ಟೊಮೇಟೊ ನನ್ನ ಕನ್ನಡಕದ ಮೇಲೆ. ದೋಸೆ ಹಿಟ್ಟು ಮಾತ್ರ ಎಲ್ಲರಿಗೂ ಸಮಪಾಲು!

ಮುಕುಂದ ತನ್ನ ಬಿಳಿ ಅಂಗಿಯ ಮೇಲಿನ ಹಿಟ್ಟನ್ನು ಬೆರಳಲ್ಲಿ ತೆಗೆದ, ಉಜ್ಜಿ ನೋಡಿದ, ಮೂಸಿದ. ಅವನ ಮುಖದಲ್ಲಿ ಬಂದ ಭಕ್ತಿ ನಾನು ದೇವಸ್ಥಾನದಲ್ಲೂ ಕಂಡಿರಲಿಲ್ಲ.

"ಮಾರಾಯ್ರೆ," ಅಂದ ಗದ್ಗದಿತನಾಗಿ, "ಈ ದೇಶದಲ್ಲಿ, ಫೆಬ್ರವರಿಯಲ್ಲಿ, ಇಷ್ಟು ಚಂದ ಹುದುಗಿದ ಹಿಟ್ಟು ನಾನು ನೋಡಿದ್ದೇ ಇಲ್ಲ!"

ನಗು ಶುರುವಾಗಿದ್ದು ಎಂಜಿನಿಯರಮ್ಮನಿಂದ. ಆಕೆ ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಹಣೆಯ ಹಿಟ್ಟು ಒರೆಸಿಕೊಂಡು ಜನರ ಕಡೆ ತಿರುಗಿದರು. "ಗಾಳಿಯಾಡದ ಕಡೆ ಹಸಿ ಕಸ ಮುಚ್ಚಿಟ್ಟರೆ ಏನಾಗುತ್ತೆ ಅಂತ ನಾನು ವರ್ಷಗಟ್ಟಲೆ ಹೇಳ್ತಾ ಬಂದೆ. ಯಾರಿಗೂ ಅರ್ಥವಾಗಲಿಲ್ಲ. ಈ ಸಾಹೇಬರು ಒಂದೇ ಸೆಕೆಂಡಿನಲ್ಲಿ ಅರ್ಥ ಮಾಡಿಸಿಬಿಟ್ಟರು! ಗುಂಡಿಯನ್ನು ಎಷ್ಟೇ ಚೆನ್ನಾಗಿ ಕಟ್ಟಿದರೂ ಗ್ಯಾಸು ಪೂರ್ತಿ ಹಿಡಿಯೋದು ಕಷ್ಟ. ಅದೇ ಸಿಪ್ಪೆ ಬೇರೆ ಕೊಡಿ, ಅದೇ ಗ್ಯಾಸನ್ನು ಟ್ಯಾಂಕಿನಲ್ಲಿ ಹಿಡಿದು ಕರೆಂಟು ಮಾಡ್ತೀವಿ, ಉಳಿದದ್ದು ಹೊಲಕ್ಕೆ ಗೊಬ್ಬರ. ಈಗ ಹೇಳಿ, ಬಕೆಟ್ ಬೇಕು ಅನ್ನೋರು ಕೈಯೆತ್ತಿ!"

ಕೈಗಳೋ ಕೈಗಳು! ಮುಕುಂದನೂ ಎತ್ತಿದ, ಪಕ್ಷದ್ರೋಹಿ. ನಾನು ತಲೆಗೂದಲಿನಿಂದ ಹಿಟ್ಟು ತೆಗೆಯೋಕೆ ಕೈಯೆತ್ತಿದ್ದೆ, ಅದನ್ನೂ ಎಣಿಸಿಬಿಟ್ಟರು. ಮೂವತ್ತೊಂಬತ್ತಕ್ಕೆ ಸೊನ್ನೆ!

ಎಲ್ಲರೂ ಸೇರಿಯೇ ಹಾಲ್ ನೆಲ ಒರೆಸಿದೆವು. ಎರಡು ವರ್ಷದಿಂದ ಒಬ್ಬರಿಗೊಬ್ಬರು ಹಲೋ ಅನ್ನದವರೂ ಅಕ್ಕಪಕ್ಕ ಮಂಡಿಯೂರಿ ದೋಸೆ ಹಿಟ್ಟು ಕೆರೆಯುತ್ತ ಹೆಸರು ಕೇಳಿಕೊಂಡರು. ಸೋತ ದುಃಖ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಆ ನಗು ಕೇಳುತ್ತಾ ಕೇಳುತ್ತಾ ನನಗೂ ಖುಷಿಯಾಗತೊಡಗಿತು. ಅಂಬುಜಾಳ ಮುಖವಂತೂ ಅರಳಿತ್ತು. ಹಿಟ್ಟು ಮೆತ್ತಿದ ಕೆನ್ನೆಯಲ್ಲೂ ಚೆಂದ ಕಾಣುತ್ತಿದ್ದಳು, ಹೇಳಿಯೂ ಬಿಟ್ಟೆ. "ಮೊದಲು ಕನ್ನಡಕ ಒರೆಸ್ಕೊಳ್ಳಿ," ಅಂದಳು.

ಅಷ್ಟರಲ್ಲಿ ಎಂಜಿನಿಯರಮ್ಮ ನನ್ನ ಡಬ್ಬಿಯನ್ನು ಎತ್ತಿ ತಿರುಗಿಸಿ ನೋಡುತ್ತಿದ್ದರು. ಒಳಗೆ ಎರಡು ಬೆರಳಷ್ಟು ಕಪ್ಪು ಕಷಾಯ ನಿಂತಿತ್ತು. ಡಬ್ಬಿಯ ಅಡಿಯ ಮೇಜು ಮಾತ್ರ ಒಣ ಒಣ!

"ಇಷ್ಟು ದೊಡ್ಡ ಸ್ಫೋಟವಾದರೂ ತಳದಲ್ಲಿ ಒಂದು ಹನಿ ಸೋರಿಲ್ಲ," ಅಂದರು ಬೆರಗಾಗಿ. "ಗುಂಡಿ ಕಟ್ಟೋದರಲ್ಲಿ ಅತಿ ಕಷ್ಟದ ಕೆಲಸ ಇದೇ. ಇದನ್ನು ಮಾಡಿದ ಎಂಜಿನಿಯರ್ ಯಾರು?"

ನಾನು ಒಂದು ಹೆಜ್ಜೆ ಮುಂದಿಟ್ಟೆ. ಅಂಬುಜಾ ಸಂಕೋಚದಿಂದ ಕೈಯೆತ್ತಿದಳು. "ನಾನೇ ಮೇಡಂ. ಮೈಸೂರಿಂದ ಬರುವಾಗ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ತರ್ತೀನಲ್ಲ, ಹಾಗೇ ಸುತ್ತಿದೆ. ಇದುವರೆಗೆ ಒಂದು ರೇಷ್ಮೆ ಸೀರೆಗೂ ಎಣ್ಣೆ ಬಿದ್ದಿಲ್ಲ."

ಎಂಜಿನಿಯರಮ್ಮ ಅವಳ ಎರಡೂ ಕೈ ಹಿಡಿದು ಕುಲುಕಿದರು. ಬೀದಿಯ ಬಕೆಟ್ ಯೋಜನೆಯ ಮುಂದಾಳಾಗಿ ಅಲ್ಲೇ ಅವಳ ಹೆಸರು ಬರೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ತುಂಬ ಮರ್ಯಾದೆಯಿಂದಲೇ ಕೇಳಿದರು: "ಇದರಲ್ಲಿ ನಿಮ್ಮ ಪಾಲು ಯಾವುದು ಸರ್?"

ಹದಿನಾರು ವರ್ಷದಿಂದ ನಾನು ಕಾಯುತ್ತಿದ್ದ ಪ್ರಶ್ನೆ! ಕನ್ನಡಕ ಸರಿಮಾಡಿಕೊಂಡೆ, ಗಂಟಲು ಸರಿಮಾಡಿಕೊಂಡೆ, ಉಸಿರು ಒಳಗೆಳೆದುಕೊಂಡೆ. ಬಾಯಿ ತೆರೆಯುವಷ್ಟರಲ್ಲಿ ಸ್ಮೃತಿ, ಇಂಗ್ಲಿಷಿನಲ್ಲಿ ಹೇಳಿದರೆ ಅಪ್ಪನ ಮಾನ ಹೋದೀತು ಅಂತಲೋ ಏನೋ, ಹುಟ್ಟಿದ ಮೇಲೆ ಮೊದಲ ಸಲ ನಾಲ್ಕು ಜನರ ಮುಂದೆ ಅಚ್ಚಗನ್ನಡದಲ್ಲಿ ಉತ್ತರ ಕೊಟ್ಟಳು:

"ಕೆಲಸ ಎಲ್ಲಾ ಅಮ್ಮಂದು. ಅಪ್ಪಂದು ಗ್ಯಾಸು!"

ಕನ್ನಡ ಬಾರದ ಎಂಜಿನಿಯರಮ್ಮನಿಗೂ ಕೊನೆಯ ಪದ ಅರ್ಥವಾಯಿತು.