ನೊರೆಗೆ ಹೆದರುವ ಮಾಮ

ಹುಲಿಗೆ ಹೆದರುವವರಿದ್ದಾರೆ, ಹೆಂಡತಿಗೆ ಹೆದರುವವರಿದ್ದಾರೆ. ನನ್ನ ಸೋದರಮಾವ ಹೆದರುತ್ತಿದ್ದದ್ದು ನೊರೆಗೆ! ಎಪ್ಪತ್ತರ ದಶಕದಲ್ಲಿ ಹರಪನಹಳ್ಳಿಯಲ್ಲಿ ರಸಾಯನಶಾಸ್ತ್ರದ ಮೇಷ್ಟರಾಗಿದ್ದ ಮಾಮನ ಜೇಬಿನಲ್ಲಿ ಸದಾ ಒಂದು ಗಾಜಿನ ನಳಿಕೆ. ಕಂಡ ಸೊಪ್ಪನ್ನೆಲ್ಲ ಅರೆದು, ನೀರು ಬೆರೆಸಿ ಕುಲುಕುವುದು. ನೊರೆ ಇಳಿಯದಿದ್ದರೆ ಹಿಂದಕ್ಕೆ ಸರಿಯುವುದು. ಕೂಡ್ಲಿಗಿಯ ಒಂದು ಮದುವೆಯಲ್ಲಿ ಸಾರನ್ನೂ ಕುಲುಕಿ ನೋಡಿದ. ಪಂಕ್ತಿಯವರು ಎಲೆ ಬಿಟ್ಟು ಎದ್ದರು.

ಎಲ್ಲದಕ್ಕೂ ಕಾರಣ ಗಿಡಗಳೊಳಗಿನ ಟ್ರೈಟರ್ಪೀನ್ ಎಂಬ ವಸ್ತುವಂತೆ. ಮೂವತ್ತು ಇಂಗಾಲ ಸೇರಿ ಕಟ್ಟಿಕೊಂಡ ಉಂಗುರಗಳು. ಅವಕ್ಕೆ ನೀರು ಕಂಡರಾಗದು, ಜಿಡ್ಡೆಂದರೆ ಪ್ರಾಣ. ಗಿಡ ಅದಕ್ಕೊಂದು ಸಕ್ಕರೆಯ ಬಾಲ ಅಂಟಿಸುತ್ತದೆ. ಬಾಲಕ್ಕೆ ನೀರೇ ಬೇಕು. ಈ ಎಳೆದಾಟದಿಂದಲೇ ಸೀಗೆಕಾಯಿ, ಅಂಟುವಾಳಗಳು ನೊರೆ ಕಟ್ಟಿ ತಲೆಯ ಜಿಡ್ಡು ಬಿಡಿಸುವುದು. ಅದು ನೆತ್ತರಿಗೆ ಸೇರಿದರೆ ಕೆಂಪು ಕಣಗಳನ್ನೂ ಹೀಗೇ ಒಡೆಯುತ್ತದೆ ಎಂದು ಮಾಮ ಹೇಳಿದ ಮೇಲೆ ನಮಗೆ ಎಣ್ಣೆಸ್ನಾನಕ್ಕೂ ಧೈರ್ಯ ಬೇಕಾಯಿತು. ಅತ್ತೆ ಮಾತ್ರ ಜಗ್ಗಲಿಲ್ಲ.

"ನಿಮ್ಮ ತಲಿ ಮ್ಯಾಲ ತೊಳ್ಯಾಕ ಏನೈತಂತ ಇಷ್ಟು ಚಿಂತಿರಿ?" ಎಂದಳು.

ಹಲವಾಗಲಿನ ಹೊಳೆಯ ಮಡುವಿಗೆ ಯಾರೋ ಮೀನು ಹಿಡಿಯಲು ಅಂಟುವಾಳ ಜಜ್ಜಿ ಹಾಕಿದ್ದರು. ಅದನ್ನು ತೋರಿಸಲು ಮಾಮ ನನ್ನನ್ನು ಕರೆದೊಯ್ದ. ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅಂದಿನಿಂದ ಮಾಮನ ಭಯ ನನಗೂ ಅಂಟಿತು.

ಮನೆಯಲ್ಲಿ ಅಂಟುವಾಳ ಕಂಡರೆ ಮಾಮ ಚೆಲ್ಲಿಬಿಡುತ್ತಿದ್ದ. ಹಾಗಾಗಿ ಒಮ್ಮೆ ಅತ್ತೆ ರೇಷ್ಮೆ ಸೀರೆ ತೊಳೆಯಲೆಂದು ಅಂಟುವಾಳ ನೆನೆಹಾಕಿದ ನೀರನ್ನು ಸೋಸಿ, ತಂಬಿಗೆಯಲ್ಲಿ ಅಡುಗೆಮನೆಯೊಳಗೇ ಬಚ್ಚಿಟ್ಟಿದ್ದಳು. ಹಡಗಲಿಯಿಂದ ಬಿಸಿಲಲ್ಲಿ ಬಸ್ಸಿಳಿದು ಬಂದ ನಾನು ಹುಣಸೆ ಪಾನಕವೆಂದು ಗಟಗಟ ಇಳಿಸಿದೆ. ಕಹಿ ಗಂಟಲಿಗೆ ತಾಗಿದ್ದೇ ಮೀನುಗಳು ಕಣ್ಣ ಮುಂದೆ ಬಂದವು. ಸತ್ತೆನೆಂದೇ ತಿಳಿದು ಗೋಡೆಗೊರಗಿ ಕುಸಿದೆ.

ಮಾಮ ಓಡಿ ಬಂದ. ತಂಬಿಗೆ ಮೂಸಿ ಬಿಳಿಚಿಕೊಂಡ. ಮೀನಿಗೆ ಅದು ಕಿವಿರಿನ ಮೂಲಕ ನೆತ್ತರಿಗೆ ನುಗ್ಗುತ್ತದೆ, ಮನುಷ್ಯರ ಹೊಟ್ಟೆಯಿಂದ ಅಷ್ಟು ಸುಲಭವಾಗಿ ನೆತ್ತರಿಗೆ ಹೋಗದು, ವಾಂತಿಯಾದೀತು ಅಷ್ಟೆ ಎಂದ. ಇಷ್ಟು ವರ್ಷ ಹೆದರಿಸಿದವನ ಬಾಯಲ್ಲಿ ಧೈರ್ಯದ ಮಾತು ಬಂದರೆ ನಂಬುವುದು ಹೇಗೆ? ನಾನು ಗೋಡೆ ಬಿಟ್ಟು ಏಳಲಿಲ್ಲ.

ಮಾಮ ತಂಬಿಗೆಯಲ್ಲಿ ಉಳಿದದ್ದನ್ನು ನೋಡಿದ. ಕಣ್ಣು ಮುಚ್ಚಿ ಅಷ್ಟನ್ನೂ ಕುಡಿದು ನನ್ನ ಪಕ್ಕದಲ್ಲಿ ಕೂತ.

"ಈಗ ಇಬ್ರಿಗೂ ಒಂದ ಗತಿ, ಯವ್ವಾ. ಹೆದರಬ್ಯಾಡ."

ಸ್ವಲ್ಪ ಹೊತ್ತಿಗೆ ಬಚ್ಚಲಿಗೆ ಓಡಿದೆವು. ಅಷ್ಟು ಪುಕ್ಕಲನಿಗೆ ಆ ಧೈರ್ಯ ಎಲ್ಲಿಂದ ಬಂತೋ, ಇಂದಿಗೂ ತಿಳಿಯದು. ತನಗೇ ಉಬ್ಬಳಿಸಿ ಬರುತ್ತಿದ್ದರೂ ತಡೆದುಕೊಂಡು, ನನ್ನದು ಮುಗಿಯುವವರೆಗೆ ಮಾಮ ನನ್ನ ಹಣೆ ಹಿಡಿದುಕೊಂಡಿದ್ದ.