ಭೀಮನಕೊಳ್ಳದಲ್ಲಿ ಹರಿದ ಸೀರೆ

ಭೀಮನಕೊಳ್ಳದ ಏರು ಒಂದನ್ನು ಹತ್ತಿ ದಾಟಿದರೆ ಶ್ರೀಶೈಲ. ಬನಹಟ್ಟಿಯಿಂದ ಅಲ್ಲಿಯತನಕ ನಡೆದು ಬಂದವನಿಗೆ ತಪ್ಪು ಮಾಡಲು ಇನ್ನೆಲ್ಲಿ ಜಾಗ ಉಳಿದಿದೆ ಎಂದು ನಾನು ನಿಶ್ಚಿಂತೆಯಿಂದ ಇದ್ದೆ. ಉಳಿದಿತ್ತು!

ನಾನು ನೇಕಾರ. ಆಯುಷ್ಯವೆಲ್ಲ ಈ ಮಗ್ಗದಿಂದ ಆ ಮಗ್ಗಕ್ಕೆ ಓಡಾಡಿದವನು. ಆ ಓಡಾಟವನ್ನೆಲ್ಲ ನೆಟ್ಟಗೆ ಹಾಸಿದರೆ ಕಾಶಿಗೆ ಹೋಗಿ ಬರಬಹುದು, ಶ್ರೀಶೈಲ ಯಾವ ಮಹಾ ಎಂದು ಹೆಂಡತಿ ನೀಲವ್ವನ ಮುಂದೆ ಭಾಷಣ ಬಿಗಿದಿದ್ದೆ. ಭಾಷಣಕ್ಕೆ ಬಲ ಬರಲೆಂದು ಜಮಖಂಡಿ ಪೇಟೆಗೆ ಹೋಗಿ ಹೊಸ ಬೂಟು ತಂದೆ. ಪ್ರತಿ ವರ್ಷ ಶ್ರೀಶೈಲಕ್ಕೆ ಬರಿಗಾಲಲ್ಲಿ ನಡೆಯುವ, ಬೀಳಗಿ ಕಡೆಯಿಂದ ಬಂದು ನಮ್ಮೂರಲ್ಲಿ ನೆಲೆಸಿದ ಈರಪ್ಪ ಕಾಕಾ ಅವನ್ನು ನೋಡಿ ನಕ್ಕರು.

“ಹೊಸಾ ಬೂಟ ಬ್ಯಾಡೋ ತಮ್ಮಾ, ಕಾಲು ತಿಂತಾವು. ಡ್ಯಾಮಿನ ಹಿನ್ನೀರು ಬಂತಂತ ನಾ ಹುಟ್ಟಿದ ಊರs ಬಿಟ್ಟು ಬಂದೇನಿ, ನಿನಗ ಒಂದ ಜೋಡಿ ಬೂಟ ಬಿಡಾಕ ಆಗೂದಿಲ್ಲೇನು?”

ಆಗಲಿಲ್ಲ. ದುಡ್ಡು ಕೊಟ್ಟು ತಂದದ್ದಲ್ಲವೇ!

ನಾವು ಹೊರಟ ಕಾರಣ ಮಾತ್ರ ನಗುವಂಥದ್ದಲ್ಲ. ಮದುವೆಯಾಗಿ ಬಹಳ ವರ್ಷ ನಮಗೆ ಮಕ್ಕಳಿರಲಿಲ್ಲ. ಮಗುವಾದರೆ ಅದನ್ನು ಕರೆದುಕೊಂಡು ನಡೆದೇ ಬರುತ್ತೇವೆ ಎಂದು ಶ್ರೀಶೈಲದ ಮಲ್ಲಯ್ಯನಿಗೆ ಹರಕೆ ಹೊತ್ತೆವು. ಮಗಳು ಹುಟ್ಟಿದಳು. ಶ್ರೀಶೈಲದ ನೆನಪಿಗೆ ಶೈಲಾ ಎಂದು ಹೆಸರಿಟ್ಟೆವು. “ಮುಂದಿನ ಯುಗಾದಿಗೆ ಹೋಗೂಣು” ಎಂದು ನಾನು ಪ್ರತಿ ಯುಗಾದಿಗೂ ಹೇಳಿದೆ. ಒಂದು ವರ್ಷ ಮಗ್ಗ ಕೆಟ್ಟಿತು, ಇನ್ನೊಂದು ವರ್ಷ ಗಿರಾಕಿ ಕೈಬಿಡಲಿಲ್ಲ. ಅಷ್ಟರಲ್ಲಿ ಶೈಲಾ ಕಾಲೇಜಿಗೆ ಬಂದಳು. ಕಳೆದ ಮಳೆಗಾಲದಲ್ಲಿ ಜ್ವರ ಬಂತು, ಇಳಿಯಲಿಲ್ಲ, ಮಗಳು ಹೋಗಿಬಿಟ್ಟಳು.

ಅಂದಿನಿಂದ ಮನೆಯಲ್ಲಿ ಯಾರೂ ಅವಳ ಹೆಸರು ಎತ್ತಕೂಡದು ಎಂದು ನಾನು ಆಜ್ಞೆ ಹೊರಡಿಸಿದ್ದೆ. ಹೆಸರು ಕೇಳಿದರೆ ಅಳು ಬರುತ್ತಿತ್ತು. ಮಗ್ಗದ ಮುಂದೆ ಅತ್ತರೆ ನೂಲು ಹಸಿಯಾಗುತ್ತದೆ ಎಂಬುದು ನಾನು ಕೊಟ್ಟ ಅಧಿಕೃತ ಕಾರಣ. ನೀಲವ್ವ ಆಜ್ಞೆಯನ್ನು ಪಾಲಿಸಿದಳು. ಈ ಯುಗಾದಿಗೆ ಮಾತ್ರ, “ನಾ ನಡೀತೀನಿ. ಬಂದ್ರ ಬರ್ರಿ, ಬಿಟ್ರ ಬಿಡ್ರಿ” ಎಂದಳು. ಬಂದೆ.

ನಮ್ಮ ಕಡೆಯವರಿಗೆ ಶ್ರೀಶೈಲದ ಭ್ರಮರಾಂಬೆ ಮನೆಮಗಳು, ಮಲ್ಲಯ್ಯ ಅಳಿಯ. ಹಬ್ಬಕ್ಕೆ ಮಗಳಿಗೆ ತವರಿನ ಸೀರೆ ಒಯ್ಯಬೇಕು. ನಾನೇ ನೇಯ್ದ ಹೊಸ ಸೀರೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಗಂಟಿನಲ್ಲಿಟ್ಟೆ. ಅದರ ಕೆಳಗೆ ಹಳೆಯ ಬಟ್ಟೆಯೊಂದರ ಮಡಿಕೆ ಕಂಡಿತು.

“ಇದ್ಯಾಕ ನೀಲಾ? ಸುಮ್ನ ಭಾರ.”

“ಇರ್ಲಿ ಬಿಡ್ರಿ. ಬೇಕಾಕ್ಕೈತಿ.”

ನಡಿಗೆ ಶುರುವಾಯಿತು. ಸಮೀರವಾಡಿ ಬರುವಷ್ಟರಲ್ಲಿ ಎಡಗಾಲಿನ ಹೆಬ್ಬೆರಳು ತಕರಾರು ತೆಗೆಯಿತು. ಮುಧೋಳದಲ್ಲಿ ಬಲಗಾಲಿನ ಹಿಮ್ಮಡಿಯೂ ಅದಕ್ಕೆ ಬೆಂಬಲ ಸೂಚಿಸಿತು. ಕುಂಟುವುದನ್ನು ಮುಚ್ಚಿಡಲು ನಾನು ಕಂಡ ಕಂಡ ಕಬ್ಬಿನ ಹೊಲದ ಮುಂದೆ ನಿಂತು ಬೆಳೆ ಪರೀಕ್ಷಿಸತೊಡಗಿದೆ. ಹುಟ್ಟಿದಾಗಿನಿಂದ ಒಂದು ಗುಂಟೆ ಹೊಲ ಇಲ್ಲದವನು ನಾನು! ಲೋಕಾಪುರದ ಹತ್ತಿರ ಒಬ್ಬ ರೈತ ನನ್ನನ್ನು ಕಾರ್ಖಾನೆಯವನೆಂದು ತಿಳಿದು, ಕಬ್ಬು ಯಾವಾಗ ಕಡಿಸುತ್ತೀರಿ ಎಂದು ಬೆನ್ನು ಹತ್ತಿದ. ತಪ್ಪಿಸಿಕೊಳ್ಳಲು ಓಡಿದೆ. ಇದ್ದ ಬೊಬ್ಬೆಗಳೆಲ್ಲ ಒಡೆದವು.

“ಕಾಲು ನೋವಾಗ್ಯಾವೇನ್ರಿ?” ಎಂದು ನೀಲವ್ವ ಕೇಳಿದಳು.

“ನನಗೇನಾಗೇತಿ?” ಎಂದೆ.

ಬಾಗಲಕೋಟೆಯಲ್ಲೂ ಅದನ್ನೇ ಹೇಳಿದೆ, ಆಂಧ್ರದ ಗಡಿಯಲ್ಲೂ ಅದನ್ನೇ ಹೇಳಿದೆ. ಕಾಡು ಶುರುವಾಗುವ ಮೊದಲು ಬೂಟುಗಳನ್ನು ಒಂದು ಬೇಲಿಗೆ ನೇತುಹಾಕಿ ಕೈಮುಗಿದೆ. ಈರಪ್ಪ ಕಾಕಾ ನೋಡಿದರೂ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಭೀಮನಕೊಳ್ಳದಲ್ಲಿ ನೀಲವ್ವ ನೀರು ತರಲು ಹೋದಳು. ಮುಂದೆ ಬರೀ ಕಲ್ಲಿನ ಏರು. ನನ್ನ ಅಂಗಾಲು ನೋಡಿಕೊಂಡರೆ ನನಗೇ ತಲೆ ತಿರುಗುವಂತಿತ್ತು. ಆಗ ಬುದ್ಧಿ ಓಡಿತು. ಗಂಟಿನಲ್ಲಿ ಹಳೆಯ ಬಟ್ಟೆ ಇದೆಯಲ್ಲ! ಬೇಕಾಗುತ್ತದೆ ಎಂದು ಅವಳೇ ಹೇಳಿದ್ದಳಲ್ಲ! ಎಂಥ ಮುಂದಾಲೋಚನೆಯ ಹೆಂಡತಿ! ಹೊಸ ಸೀರೆಗೆ ಧೂಳು ತಾಗದಂತೆ ಅದನ್ನು ಎತ್ತಿ ಬದಿಗಿಟ್ಟೆ. ಕೆಳಗಿದ್ದ ಹಸಿರು ಸೀರೆಯನ್ನು ಎಳೆದು, ಹಲ್ಲಿನಿಂದ ಅಂಚು ಕಚ್ಚಿ, ಪರ್ ಪರ್ ಎಂದು ಅರ್ಧ ಸೀರೆ ಹರಿದೆ. ಎರಡೂ ಕಾಲಿಗೆ ಒಪ್ಪವಾಗಿ ಪಟ್ಟಿ ಸುತ್ತಿದೆ. ಎಷ್ಟು ಮೆತ್ತಗಿತ್ತೆಂದರೆ, ಯಾವ ನೇಕಾರ ನೇಯ್ದನೋ, ಅವನ ಕೈ ತಣ್ಣಗಿರಲಿ ಎಂದು ಹರಸಿದೆ.

ನೀಲವ್ವ ಬಂದಳು. ನನ್ನ ಕಾಲು ನೋಡಿದಳು. ಕೈಯಲ್ಲಿದ್ದ ತಂಬಿಗೆ ಕಲ್ಲಿನ ಮೇಲೆ ಬಿದ್ದು ಉರುಳಿತು.

“ಅಕಿನ್ನ ಹರದ್ರಲ್ರೀ!”

“ಯಾರನ್ನ?”

ಅವಳು ಬೆರಳು ತೋರಿಸಿದಳು. ಬಲಗಾಲಿನ ಪಟ್ಟಿಯ ಮೇಲೆ ಸೀರೆಯ ಕೆಂಪು ದಡಿ ಬಂದಿತ್ತು. ಆ ದಡಿಯಲ್ಲಿ ಹೆಬ್ಬೆರಳಿನಷ್ಟು ಉದ್ದ ಬಣ್ಣ ಬೇರೆಯಾಗಿತ್ತು. ಶೈಲಾ ಮೊದಲ ಸಲ ಸೀರೆ ಉಡುವುದಿತ್ತು, ಕಾಲೇಜಿನ ಕಾರ್ಯಕ್ರಮಕ್ಕೆ. ಈ ಸೀರೆಯನ್ನು ನಾನೇ ನೇಯುತ್ತಿದ್ದೆ. ಕೆಂಪು ನೂಲು ಮುಗಿದು, ತರಲು ಸೋಮಾರಿತನ ಮಾಡಿ, ಅಷ್ಟು ಜಾಗಕ್ಕೆ ಕಂದು ನೂಲು ಹಾಕಿ ಮುಚ್ಚಿಬಿಟ್ಟಿದ್ದೆ. ಅವಳು ಅದನ್ನು ಕಂಡುಹಿಡಿದು, “ಅಪ್ಪಾ, ಈ ತಪ್ಪು ಎಲ್ಲಾರಿಗೂ ಕಾಣೂಹಂಗ ಉಡ್ತೀನಿ ನೋಡು” ಎಂದು ನಕ್ಕಿದ್ದಳು.

ಮುಟ್ಟಿದರೆ ಸಾಕು, ಯಾರ ಮನೆಯ ಮಗ್ಗದ ಬಟ್ಟೆ ಎಂದು ಹೇಳುತ್ತೇನೆ ಎಂದು ಬನಹಟ್ಟಿಯ ತುಂಬ ಜಂಬ ಕೊಚ್ಚಿದವನು ನಾನು. ನನ್ನ ಮಗ್ಗದ್ದು, ನನ್ನ ಮಗಳದ್ದು, ಹಲ್ಲಿನಿಂದ ಕಚ್ಚಿದರೂ ಗೊತ್ತಾಗಲಿಲ್ಲ.

“ನನಗ್ಯಾಕ ಹೇಳ್ಲಿಲ್ಲ?”

“ಹೆಸರು ಎತ್ತಬ್ಯಾಡಂತ ಹೇಳಿದಾವ್ರು ಯಾರ್ರಿ?” ಎಂದು ಅವಳು ಅಳುತ್ತಲೇ ಬೈದಳು. “ಮಗಳನ್ನ ಕರಕೊಂಡು ಬರ್ತೀವಂತ ಹರಕಿ ಇತ್ತು. ಬಿಟ್ಟು ಹೆಂಗ ಬರಲಿ? ಅದಕ್ಕ ಸೀರಿ ತಂದಿದ್ದೆ.”

ನಾನು ಗಡಬಡಿಸಿ ಪಟ್ಟಿ ಬಿಚ್ಚಲು ಹೋದೆ. ರಕ್ತಕ್ಕೆ ಅಂಟಿಕೊಂಡು ಅದು ಬರಲೇ ಇಲ್ಲ. ಎಳೆದರೆ ಜೀವ ಹೋಗುವಷ್ಟು ಉರಿ. ಹಾಗೇ ಎದ್ದು, ಮಗಳ ಸೀರೆಯ ಮೇಲೆ ಭಾರ ಬೀಳಬಾರದೆಂದು ಕೊಕ್ಕರೆಯಂತೆ ಒಂದೊಂದೇ ಕಾಲೆತ್ತಿ, ಪಾದದ ಅಂಚಿನ ಮೇಲೆ ಹತ್ತತೊಡಗಿದೆ. ಹಿಂದೆ ಬರುತ್ತಿದ್ದವರು “ಉಘೇ ಮಲ್ಲಯ್ಯಾ” ಎನ್ನುವುದನ್ನು ಬಿಟ್ಟು ನಗತೊಡಗಿದರು. ಎರಡು ಸಲ ಬಿದ್ದೆ.

ಮೂರನೆಯ ಸಲ ನೀಲವ್ವ ರಟ್ಟೆ ಹಿಡಿದು ಎತ್ತಿದಳು.

“ನೆಟ್ಟಗ ಪಾದ ಊರಿ ನಡೀರಿ.”

“ಅಕಿ ಮ್ಯಾಲ ಹೆಂಗ ಕಾಲಿಡ್ಲಿ ನೀಲಾ?”

“ಸಣ್ಣಾಕಿ ಇದ್ದಾಗ ನಿಮ್ಮ ಪಾದದ ಮ್ಯಾಲ ನಿಂತು ಮಗ್ಗದ ಮನಿ ತುಂಬ ತಿರಗ್ಯಾಡ್ತಿರ್ಲಿಲ್ಲೇನು? ಹಂಗs ಬರಾಕತ್ತಾಳ ಅಂತ ತಿಳ್ಕೋರಿ. ನಡೀರಿ ಈಗ.”

ನಡೆದೆ. ಏರಿನ ತುದಿಯ ಕೈಲಾಸ ಬಾಗಿಲ ತನಕ ಅವಳು ನನ್ನ ರಟ್ಟೆ ಬಿಡಲಿಲ್ಲ.

ಶ್ರೀಶೈಲದಲ್ಲಿ ಹೊಸ ಸೀರೆ ಭ್ರಮರಾಂಬೆಗೆ ಸಂದಿತು. ಉಳಿದ ಅರ್ಧ ಸೀರೆಯನ್ನು ನೀಲವ್ವ ಗುಡಿಯ ಹೊಸ್ತಿಲಿಗೆ ಮುಟ್ಟಿಸಿ ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಕಾಲಿಗೆ ಔಷಧ ಹಚ್ಚುವ ಪೆಂಡಾಲಿಗೆ ನನ್ನನ್ನು ಕರೆತಂದಳು. ಸೇವೆಗೆ ಬಂದಿದ್ದ ಮುಧೋಳದ ಹೆಣ್ಣುಮಗಳು ಕತ್ತರಿ ಹಿಡಿದಳು.

“ಪಟ್ಟಿ ಭಾಳ ಹೊಲಸಾಗೇತ್ರಿ ಕಾಕಾ. ಕತ್ತರಿಸಿ ಒಗೀತೀನಿ.”

“ಕತ್ತರಿ ಹಚ್ಚಬ್ಯಾಡ!” ಎಂದು ಚೀರಿದೆ. ಇಡೀ ಪೆಂಡಾಲು ತಿರುಗಿ ನೋಡಿತು. ನೀಲವ್ವ ಕೆಳಗೆ ಕೂತು, ಬಿಸಿನೀರಿನಲ್ಲಿ ನೆನೆಸಿ, ಒಂದೊಂದೇ ಸುತ್ತು ಬಿಚ್ಚತೊಡಗಿದಳು. ಕಂದು ನೂಲಿನ ಜಾಗ ಬಂದಾಗ ನನ್ನ ಕಟ್ಟೆ ಒಡೆಯಿತು. ಮಳೆಗಾಲದಿಂದ ತಡೆದಿದ್ದೆಲ್ಲ ಒಮ್ಮೆಲೇ ಬಂತು.

“ಭಾಳ ನೋವಾಗಾಕತ್ತೇತೇನ್ರಿ?” ಎಂದು ಆ ಹೆಣ್ಣುಮಗಳು ಗಾಬರಿಯಾದಳು.

“ಹೂನವ್ವಾ, ಭಾಳ ನೋವಾಗಾಕತ್ತೇತಿ” ಎಂದೆ. ಬನಹಟ್ಟಿ ಬಿಟ್ಟ ಮೇಲೆ ನಾನಾಡಿದ ಮೊದಲ ಖರೆ ಮಾತು ಅದು.

ಪಕ್ಕದ ಸಾಲಿನಿಂದ ಈರಪ್ಪ ಕಾಕಾ ಎಲ್ಲರಿಗೂ ಕೇಳುವಂತೆ ಹೇಳಿದರು: “ಬಡಕೊಂಡೆ ನಾ, ಹೊಸಾ ಬೂಟ ಬ್ಯಾಡೋ ಅಂತ!”

ಪೆಂಡಾಲೆಲ್ಲ ನಕ್ಕಿತು. ನಾನು ಹೌದೆಂದು ತಲೆಯಾಡಿಸಿ, ಬೂಟಿನ ಹೆಸರಿನಲ್ಲಿ ಮನಸಾರೆ ಅತ್ತೆ.